ನನ್ನ ಪೇಟೆಂಟು, ಅತ್ತೆಯ ಪೇಟೆ ಟೆಂಟು

ನಾಗಮಂಗಲದಲ್ಲಿ ತೆಂಗು ಬೆಳೆದವರಿದ್ದಾರೆ, ರಾಗಿ ಬೆಳೆದವರಿದ್ದಾರೆ, ಎಲೆಕ್ಷನ್ನಿಗೆ ನಿಂತು ಮತ್ತೆ ಮನೆಯಲ್ಲಿ ಕೂತವರೂ ಇದ್ದಾರೆ. ಪೇಟೆಂಟು ಪಡೆದವರು ಮಾತ್ರ ನನಗೆ ತಿಳಿದಮಟ್ಟಿಗೆ ಒಬ್ಬರೂ ಇರಲಿಲ್ಲ. ಊರಿನ ಈ ಕಳಂಕವನ್ನು ತೊಳೆಯಲು ವಿಧಿ ನನ್ನನ್ನೇ, ಅಂದರೆ ಇತಿಹಾಸದ ಉಪನ್ಯಾಸಕ ಸಿದ್ದರಾಜುವನ್ನೇ, ಆರಿಸಿಕೊಂಡಿದೆಯೆಂದು ಯುಗಾದಿಯ ಒಬ್ಬಟ್ಟು ಬಾಯಲ್ಲಿದ್ದಾಗಲೇ ನನಗೆ ಹೊಳೆಯಿತು. ಇತಿಹಾಸ ಪಾಠ ಮಾಡಿದ್ದು ಸಾಕು, ಇನ್ನು ಇತಿಹಾಸ ನಿರ್ಮಾಣವಾಗಬೇಕು!

ಇದಕ್ಕೆ ಪ್ರೇರಣೆ ನನ್ನ ಭಾವಮೈದುನ ಕುಳ್ಳಯ್ಯ. ಹೆಸರು ಕುಳ್ಳಯ್ಯ, ಆಳು ಮಾತ್ರ ಬಾಗಿಲಲ್ಲಿ ತಲೆ ಬಗ್ಗಿಸದೆ ಒಳಗೆ ಬರಲಾರ. ಬಿಂಡಿಗನವಿಲೆಯಲ್ಲಿ ಕುರಿ ಸಾಕುತ್ತಾನೆ. ಬೆಳಗಾದರೆ ಕುರಿಗಳನ್ನು ಬಯಲಿಗೆ ಅಟ್ಟುತ್ತಾನೆ, ಆಮೇಲೆ ತನ್ನ ಅಭಿರುಚಿಯನ್ನು ನಮ್ಮ ಮನೆಯವರ ವಾಟ್ಸಾಪ್ ಗುಂಪಿಗೆ ಅಟ್ಟುತ್ತಾನೆ. ಇಬ್ಬನಿ ಬಿದ್ದ ಗುಲಾಬಿಯ ಶುಭೋದಯ, ಟಗರು ಕಾಳಗ, ಮದುವೆಮನೆಯಲ್ಲಿ ಜಾರಿ ಬೀಳುವವರ ವಿಡಿಯೊ! ಹೊಯ್ಸಳರು ಆಳಿದ ಸೀಮೆಯಲ್ಲಿ ಹುಟ್ಟಿದವನು ನೋಡುವ ಸರಕೇ ಇದು? ಹತ್ತಿರದ ಗೋವಿಂದನಹಳ್ಳಿಯ ಪಂಚಲಿಂಗೇಶ್ವರ ದೇವಾಲಯದ ಬಗ್ಗೆ ಎರಡು ಗಂಟೆಯ ಅಮೋಘ ವಿಡಿಯೊ ಇದೆ. ಅದನ್ನು ನೋಡುವ ಒಂದು ಪ್ರಾಣಿಯೂ ನನ್ನ ಹೆಂಡತಿಯ ವಂಶದಲ್ಲಿಲ್ಲ.

ಇಂಥ ಜನರ ಉದ್ಧಾರಕ್ಕಾಗಿ ನಾನು ಕಂಡುಹಿಡಿದದ್ದೇ ಶಿಫಾರಸು ಯಂತ್ರ. ನಾನು ಯಾವ ವಿಡಿಯೊವನ್ನು ಪೂರ್ತಿ ನೋಡುತ್ತೇನೋ ಅದು ತಾನೇ ತಾನಾಗಿ ನೆಂಟರೆಲ್ಲರ ಫೋನಿಗೆ ಹೋಗಬೇಕು. 'ಸಿದ್ದರಾಜು ಅವರು ಇದನ್ನು ಮೆಚ್ಚಿದ್ದಾರೆ, ನೀವೂ ನೋಡಿ' ಎಂದು ಫೋನೇ ತಿಳಿಸಬೇಕು. ಒಮ್ಮೆ ನೋಡಿದರೆ ಸಾಧಾರಣ ಶಿಫಾರಸು: ಸದ್ದಿಲ್ಲದ ಒಂದು ಸಂದೇಶ. ಮೂರು ಸಲ ನೋಡಿದರೆ ಕಡ್ಡಾಯ ಶಿಫಾರಸು: ತೆರೆದು ನೋಡುವ ತನಕ ಫೋನು ಬಾಯಿಬಿಟ್ಟು ಕೂಗುತ್ತಿರಬೇಕು!

ಇದನ್ನು ಹೆಂಡತಿ ಪ್ರಮೀಳಾಳಿಗೆ ಗಂಭೀರವಾಗಿ ಓದಿ ಹೇಳಿದೆ: "ಒಬ್ಬ ಬಳಕೆದಾರನು ಕಂಡು ಮೆಚ್ಚಿದ ಡಿಜಿಟಲ್ ಸರಕನ್ನು, ಆತನ ಮೆಚ್ಚುಗೆಯ ಪ್ರಮಾಣಕ್ಕೆ ಅನುಗುಣವಾಗಿ, ಮತ್ತೊಬ್ಬ ಬಳಕೆದಾರನಿಗೆ ತಲುಪಿಸುವ ವಿಧಾನ ಹಾಗೂ ವ್ಯವಸ್ಥೆ."

ಅವಳು ಬೆಳ್ಳುಳ್ಳಿ ಸುಲಿಯುತ್ತಲೇ ಕೇಳಿದಳು. "ಅಂದ್ರೆ ಚಾಡಿ ಹೇಳೋ ಮಿಸೀನು."

"ಚಾಡಿಯಲ್ಲ ಕಣೇ, ಶಿಫಾರಸು!"

"ಅದೇ ರೀ. ಮೆಚ್ಕಂಡು ಹೇಳಿದ್ರೆ ಶಿಫಾರಸು, ಮೆಚ್ದೆ ಹೇಳಿದ್ರೆ ಚಾಡಿ. ನಮ್ಮ ಬೀದೀಲಿ ಎಲ್ಲಾ ಹೆಂಗಸ್ರೂ ಪೇಟೆಂಟ್ ಇಲ್ದೇನೇ ಮಾಡ್ತಾವ್ರೆ ಬುಡಿ."

ಮಂಡಿನೋವಿನ ಚಿಕಿತ್ಸೆಗೆಂದು ನಮ್ಮಲ್ಲಿಗೆ ಬಂದಿದ್ದ ಅತ್ತೆ ಪುಟ್ಟತಾಯಮ್ಮನವರು ಮೂಲೆಯ ಮಂಚದಿಂದ ಕಿವಿ ನಿಮಿರಿಸಿದರು. "ಏನಪ್ಪ ಅಳಿಮಯ್ಯ, ಪೇಟೆ ಟೆಂಟಾ? ಕೆ.ಆರ್. ಪೇಟೆ ಟೆಂಟ್ನಾಗೆ ನಾನೂ ಸಿನಿಮಾ ನೋಡಿವ್ನಿ ಕಣಪ್ಪ. ನೆಲದ ಮ್ಯಾಲೆ ಕೂತ್ಕಂಡು, ಕಳ್ಳೇಕಾಯಿ ತಿನ್ಕಂಡು... ಈಗ್ಲೂ ಅದೈತಾ?"

ಪೇಟೆಂಟನ್ನು ಟೆಂಟು ಸಿನಿಮಾ ಮಾಡಿದ ಆ ಬಾಯಿಯನ್ನು ನೋಡಿ ಬರಿದೆ ನಕ್ಕೆ. ಆ ನಗೆಯಲ್ಲಿ ಎಷ್ಟು ತಾತ್ಸಾರವಿತ್ತೆಂದರೆ, ಕನ್ನಡಿಯಲ್ಲಿ ನನ್ನ ಬೋಳುತಲೆಯ ಕೆಳಗೆ ಅದನ್ನು ಕಂಡು ನನಗೇ ಗೌರವ ಬಂತು.

ಯಂತ್ರವನ್ನು ಕಟ್ಟಿಕೊಟ್ಟವಳು ನನ್ನ ಹಳೆಯ ವಿದ್ಯಾರ್ಥಿನಿ ಆತಿಯಾ. ಬಸ್ ಸ್ಟ್ಯಾಂಡಿನ ಬಳಿ ಕಂಪ್ಯೂಟರ್ ಸೆಂಟರ್ ಇಟ್ಟಿದ್ದಾಳೆ. ಕೆಲಸ ಮುಗಿಸಿ ಫೋನು ಕೊಡುವಾಗ ತಲೆ ಕೆರೆದುಕೊಂಡಳು. "ಸಾರ್, ನೀವು ಲೈಕ್ ಒತ್ತಿದ್ದು ಮಾತ್ರ ಹೋಗೋ ಹಂಗೆ ಮಾಡ್ಲಾ? ನೋಡಿದ್ದೆಲ್ಲಾ ಹೋದ್ರೆ ತೊಂದ್ರೆ ಆಗ್ಬೋದು."

"ಲೈಕು ಸುಳ್ಳು ಹೇಳುತ್ತದಮ್ಮ. ಕಣ್ಣು ಹೇಳುವುದಿಲ್ಲ. ಅದೇ ನನ್ನ ಸಂಶೋಧನೆಯ ಆತ್ಮ!" ಎಂದೆ.

"ಆಯ್ತು ಸಾರ್. ಇನ್ಮೇಲೆ ನೀವು ಯಾವ ವಿಡಿಯೊ ಒತ್ತಿದ್ರೂ ನಮ್ಮ ಆಪ್‌ನಲ್ಲೇ ಓಪನ್ ಆಗುತ್ತೆ," ಎಂದವಳು, ಸ್ವಲ್ಪ ತಡೆದು, "ಹುಷಾರು ಸಾರ್," ಎಂದಳು.

ಬೆಂಗಳೂರಿನ ಪೇಟೆಂಟ್ ಏಜೆಂಟರೊಬ್ಬರು ಫೋನಿನಲ್ಲಿ, "ಬರೀ ಪ್ರೋಗ್ರಾಂ ಅಂದ್ರೆ ಕಷ್ಟ ಸಾರ್. ಮೊದ್ಲು ಜನರ ಮೇಲೆ ಪ್ರಯೋಗ ಮಾಡಿ. ಪರಿಣಾಮ ತೋರಿಸ್ಬೇಕು," ಎಂದಿದ್ದರು. ಪರಿಣಾಮ ತಾನೆ? ಮೊದಲು ಅತ್ತೆಯ ಫೋನಿಗೆ, ಆಮೇಲೆ ಬೀಗರೂಟವೊಂದರಲ್ಲಿ ಸಿಕ್ಕ ಸಿಕ್ಕ ನೆಂಟರ ಫೋನಿಗೆಲ್ಲ ಆಪ್ ತುಂಬಿಸಿದೆ. ಬಾಡೂಟದ ಸಡಗರದಲ್ಲಿದ್ದವರು ಫೋನಷ್ಟೇ ಏಕೆ, ಕಿಡ್ನಿ ಕೇಳಿದ್ದರೂ ಕೊಡುತ್ತಿದ್ದರು.

ಮೊದಲ ದಿನವೇ ಪಂಚಲಿಂಗೇಶ್ವರನಿಗೆ ಕೈಮುಗಿದು ದೇವಾಲಯದ ವಿಡಿಯೊ ಹಾಕಿದೆ. ಎಂಥ ಗಾಂಭೀರ್ಯ! ಎಂಥ ಧ್ವನಿ! ಮುಖಮಂಟಪ ದಾಟುವ ಮೊದಲೇ ನಾನು ಗೊರಕೆ ಹೊಡೆಯುತ್ತಿದ್ದೆನಂತೆ, ಪ್ರಮೀಳಾಳೇ ಫೋನು ಆರಿಸಿದಳಂತೆ. ಮರುದಿನ ಮತ್ತೆ ಹಾಕಿದೆ. ಮತ್ತೆ ಮುಖಮಂಟಪ, ಮತ್ತೆ ಗೊರಕೆ. ಗರ್ಭಗುಡಿಯ ದರ್ಶನ ನನಗೆ ಇಂದಿಗೂ ಆಗಿಲ್ಲ. ಪೂರ್ತಿ ನೋಡದ ಕಾರಣ ಅದು ಯಾರಿಗೂ ಶಿಫಾರಸಾಗಲಿಲ್ಲ.

ಭಾನುವಾರ ಕುಳ್ಳಯ್ಯನ ಫೋನು. ನಗುವಿನಿಂದ ಅವನಿಗೆ ಮಾತೇ ಬರುತ್ತಿಲ್ಲ. "ಭಾವ! ಮದ್ವೆಮನೇಲಿ ಬೀಗಿತ್ತಿ ಪಾಯಸದ ಹಂಡೆ ಒಳಕ್ಕೆ ಕೂತ್ಬುಟ್ಟಿದ್ದು ಕಳ್ಸಿದ್ರಲ್ಲ, ಉಸಿರು ನಿಂತೋಗಿತ್ತು ಭಾವ! ಆಮೇಲೆ ಹೊಟ್ಟೆ ಕರಗ್ಸೋಕೆ ಜೀರಿಗೆ ನೀರು, ಅದೂ ಬಂತು. ನಿಮ್ಮ ಟೇಸ್ಟೂ ನಮ್ಮ ಟೇಸ್ಟೂ ಒಂದೇಯಾ! ಇಷ್ಟ್ ದಿನ ಯಾಕ್ ಭಾವ ದೂರ ಮಾಡ್ಬುಟ್ಟಿದ್ರಿ?"

ನನ್ನ ಕಾಲ ಕೆಳಗಿನ ನೆಲ ಸರಿಯಿತು. ಹೌದು, ನೋಡಿದ್ದೆ. ಊಟವಾದ ಮೇಲೆ, ಬರೀ ಸಂಶೋಧನೆಯ ದೃಷ್ಟಿಯಿಂದ, ಪಾಯಸದ ಹಂಡೆಯನ್ನು ಪೂರ್ತಿ ನೋಡಿದ್ದೆ. ಕುರಿ ಕಾಯುವವನು ನನ್ನನ್ನು ತನ್ನ ಅಭಿರುಚಿಯ ಅಣ್ಣತಮ್ಮನೆಂದು ಅಪ್ಪಿಕೊಳ್ಳುವುದೇ!

ಆತಿಯಾಳನ್ನು ಕೇಳಬಹುದಿತ್ತು. ಆದರೆ ಸಂಶೋಧಕನು ತನ್ನ ಯಂತ್ರದ ಬಗ್ಗೆ ಶಿಷ್ಯೆಯನ್ನು ಕೇಳುವುದೆ? ನಾನೇ ಸೆಟ್ಟಿಂಗ್ಸ್ ತೆರೆದೆ. 'ಎಲ್ಲರಿಗೂ', 'ಆಪ್ತ' ಎಂದು ಎರಡು ಆಯ್ಕೆಗಳಿದ್ದವು. ಆಪ್ತ ಕಾರ್ಯದರ್ಶಿ ಎಂದರೆ ಪ್ರೈವೇಟ್ ಸೆಕ್ರೆಟರಿ. ಆದ್ದರಿಂದ ಆಪ್ತ ಎಂದರೆ ಪ್ರೈವೇಟು, ಗುಟ್ಟು, ನನಗೆ ಮಾತ್ರ. ಎಂಥ ಭಾಷಾಜ್ಞಾನ! ಒತ್ತಿದೆ.

ಆ ಹೊತ್ತಿಗೆ ಅತ್ತೆಯ ಚಿಕಿತ್ಸೆ ಇನ್ನಷ್ಟು ದಿನ ಮುಂದುವರಿಯುವುದೆಂದು ಡಾಕ್ಟರು ಹೇಳಿದ್ದರು. ಅತ್ತೆ ಕೆಟ್ಟವರಲ್ಲ. ಆದರೆ ನಾನು ಸುದ್ದಿ ನೋಡುವ ಹೊತ್ತಿಗೇ ಅವರ ಧಾರಾವಾಹಿ. ಅದರಲ್ಲಿ ಸೊಸೆ ಅತ್ತರೆ ಇವರೂ ಅಳುತ್ತಾರೆ, ಇವರು ಅತ್ತರೆ ಪ್ರಮೀಳಾ ಕಾಫಿ ಕೊಡುತ್ತಾಳೆ, ನನ್ನ ಕಾಫಿ ತಣ್ಣಗಾಗುತ್ತದೆ. ಅಂಥ ಒಂದು ಬೆಳಿಗ್ಗೆ ಬಚ್ಚಲುಮನೆಯ ಏಕಾಂತದಲ್ಲಿ ಒಂದು ವಿಡಿಯೊ ನನ್ನ ಕಣ್ಣಿಗೆ ಬಿತ್ತು: 'ಹೆಂಡತಿ ಕಡೆಯ ನೆಂಟರನ್ನು ನಯವಾಗಿ ಸಾಗಹಾಕಲು ಹತ್ತು ಉಪಾಯಗಳು'. ನೋಡಿದೆ. ಚೆನ್ನಾಗಿತ್ತು. ಮಾರನೆಯ ದಿನ ಮತ್ತೆ ನೋಡಿ, ಒಂದು ಉಪಾಯವನ್ನು ಪ್ರಯೋಗಿಸಿಯೂ ನೋಡಿದೆ. ಅದರ ಮರುದಿನ, ಮಿಕ್ಕ ಒಂಬತ್ತು ಮರೆತುಹೋಗದಿರಲೆಂದು ಇನ್ನೊಮ್ಮೆ ನೋಡಿದೆ.

ಆ ಮೂರನೆಯ ಸಲ ವಿಡಿಯೊ ಮುಗಿಯುತ್ತಿದ್ದಂತೆ ನಡುಮನೆಯಿಂದ ಒಂದು ಹೆಣ್ಣುಧ್ವನಿ ಕೇಳಿಸಿತು. ಅದು ಪ್ರಮೀಳಾಳದಲ್ಲ, ಅತ್ತೆಯದಲ್ಲ, ಮನುಷ್ಯರದೇ ಅಲ್ಲ.

"ಸಿದ್ದರಾಜು ಅವರು. ಇದನ್ನು. ಮೂರು ಸಲ. ನೋಡಿ. ಬಹಳ. ಮೆಚ್ಚಿದ್ದಾರೆ. ತಮ್ಮ. ಆಪ್ತರಾದ. ಪುಟ್ಟತಾಯಮ್ಮ. ಅವರಿಗೆ. ಕಡ್ಡಾಯ. ಶಿಫಾರಸು."

ಆಪ್ತ ಎಂದರೆ ಆಪ್ತರು! ಹೆಂಡತಿ, ಅತ್ತೆ, ಭಾವಮೈದುನ! ಸೊಂಟಕ್ಕೆ ಸುತ್ತಿದ ಟವಲಿನಲ್ಲೇ ಹೊರಗೆ ಓಡಿದೆ. ಅತ್ತೆ ಮಂಚದ ಮೇಲೆ ರಾಗಿರೊಟ್ಟಿ, ಹುಚ್ಚೆಳ್ಳು ಚಟ್ನಿ ಹಿಡಿದು ಕೂತಿದ್ದರು. ಫೋನು ಅವರ ತೊಡೆಯ ಮೇಲಿತ್ತು.

"ಅತ್ತೆ, ಅದು ವೈರಸ್ಸು! ಮುಟ್ಟಬೇಡಿ!"

"ಇರಪ್ಪ, ನೀನು ಮೂರ್ ಸಲ ನೋಡಿದ್ದು ನಾನು ಒಂದ್ ಸಲಾನಾದ್ರೂ ನೋಡ್ಬ್ಯಾಡ್ವಾ?" ಎಂದು ಅವರು ಪ್ರೀತಿಯಿಂದಲೇ ಒತ್ತಿಬಿಟ್ಟರು.

ಮೊದಲನೆಯ ಉಪಾಯ ಬಂತು: ಕಾಫಿಗೆ ಸಕ್ಕರೆ ಕಡಿಮೆ ಮಾಡಿ. ಅತ್ತೆ ನಕ್ಕರು. ಎರಡನೆಯದು: ಫ್ಯಾನು ಕೆಟ್ಟಿದೆ ಎನ್ನಿ. ಆಗಲೂ ನಕ್ಕರು. ಮೂರನೆಯದು ಬಂತು: ಟಿವಿ ರಿಮೋಟನ್ನು ಬಚ್ಚಿಡಿ.

ಅತ್ತೆ ರೊಟ್ಟಿ ಮುರಿಯುವುದನ್ನು ನಿಲ್ಲಿಸಿದರು. "ರಿಮೋಟು... ಅದ್ಕೇಯಾ ನಿನ್ನೆಯಿಂದ ಸಿಗ್ನಿಲ್ಲ?"

ಪ್ರಮೀಳಾ ಅಡುಗೆಮನೆಯಿಂದ ಬಂದಳು, ನನ್ನನ್ನೊಮ್ಮೆ ನೋಡಿದಳು, ನೇರವಾಗಿ ಹೋಗಿ ನನ್ನ ಕಾಲೇಜಿನ ಚೀಲಕ್ಕೆ ಕೈಹಾಕಿದಳು. ಹೊಯ್ಸಳರಿಗೂ ವಿಜಯನಗರಕ್ಕೂ ನಡುವೆ ರಿಮೋಟು ಸಿಕ್ಕಿತು.

ಬೈದಿದ್ದರೆ ಸುಖವಾಗಿರುತ್ತಿತ್ತು. ಅತ್ತೆ ಬೈಯಲಿಲ್ಲ. ಕೈತೊಳೆದು ಸೀರೆಗಳನ್ನು ಮಡಿಸಿ ಚೀಲಕ್ಕೆ ತುಂಬಿದರು. ಮಂಡಿ ಹಿಡಿದುಕೊಂಡು ಒಂದೊಂದೇ ಮೆಟ್ಟಿಲು ಇಳಿದರು. "ಮಂಡಿನೋವು ಅಂತ ಬಂದೆ ಕಣಪ್ಪ, ಮನೆನೋವು ಆಗ್ಬುಟ್ಟೆ," ಎಂದಷ್ಟೇ ಹೇಳಿ ಬಿಂಡಿಗನವಿಲೆಯ ಬಸ್ಸು ಹತ್ತಿಬಿಟ್ಟರು. ನಾನು ಟವಲಿನಲ್ಲಿ ಬಾಗಿಲಲ್ಲಿ ನಿಂತಿದ್ದೆ. ಬೀದಿಯವರೆಲ್ಲ ನೋಡುತ್ತಿದ್ದರು, ಪೂರ್ತಿಯಾಗಿ.

"ಪ್ರಮೀಳಾ, ನನ್ನ ಮಾತು ಕೇಳು. ವಿಜ್ಞಾನದಲ್ಲಿ ಇಂಥ ಸಣ್ಣಪುಟ್ಟ..."

"ರೀ! ನಮ್ಮವ್ವ ಇಲ್ದೆ ವಾಪಸ್ ಬಂದ್ರೆ ನಿಮ್ಮ ಪೇಟೆಂಟಲ್ಲಿ ಪೇಟೆ ನಂಗಿರ್ಲಿ, ಟೆಂಟು ನಿಮ್ಗೆ. ಕಾಲೇಜು ಮೈದಾನದಾಗೆ ಹಾಕ್ಕಂಡು ಮನಿಕ್ಕಳಿ!"

ಸ್ಕೂಟರಿನಲ್ಲಿ ಬಿಂಡಿಗನವಿಲೆ ಸೇರಿದೆ. ಜಗಲಿಯ ಮೇಲೆ ಅತ್ತೆ ಕಾಲು ಚಾಚಿ ಕೂತು ಮಂಡಿಗೆ ಎಣ್ಣೆ ಸವರಿಕೊಳ್ಳುತ್ತಿದ್ದರು. ಅಷ್ಟು ದಿನದ ಚಿಕಿತ್ಸೆ ಬಸ್ಸಿನ ಕುಲುಕಾಟದಲ್ಲೇ ಹಾಳಾಗಿತ್ತು. ಮಂಡಿ ಮತ್ತೆ ಊದಿತ್ತು. ಅದನ್ನು ನೋಡಿದಾಗ ನನ್ನೊಳಗಿನ ಸಂಶೋಧಕ ಸತ್ತೇಹೋದ. ಪಕ್ಕದಲ್ಲಿ ಕುಳ್ಳಯ್ಯ ಕಂಬದಂತೆ ನಿಂತಿದ್ದ.

"ಬನ್ನಿ ಭಾವ," ಎಂದ. "ಉಪಾಯ ಹತ್ತೂ ನೋಡ್ದೆ. ಏಳ್ನೇದು ಚೆನ್ನಾಗೈತೆ, ಹಾಸಿಗೆಗೆ ತಿಗಣೆ ಬುಡೋದು. ಈ ದಿನ ಇಲ್ಲೇ ಮನಿಕ್ಕಳಿ."

"ಕುಳ್ಳಯ್ಯ, ತಪ್ಪಾಯ್ತು ಕಣಪ್ಪ," ಎಂದೆ. ನನ್ನ ಬಾಯಿಂದ ಆ ಮಾತು ಅವನ ಕಿವಿಗೆ ಬಿದ್ದದ್ದು ಅದೇ ಮೊದಲು. ಅವನು ಗಾಬರಿಯಾಗಿ ಹಿಂದಕ್ಕೆ ಸರಿದ. ನಾನು ಅತ್ತೆಯ ಕಾಲಬುಡದಲ್ಲಿ ಕೂತೆ. "ಅತ್ತೆ, ನಾನು ಮಾಡಿದ್ದು ನೀಚ ಕೆಲಸ. ಬನ್ನಿ, ಮನೆಗೆ ಹೋಗೋಣ. ಸುದ್ದಿ ಹಾಳಾಗಿ ಹೋಗಲಿ, ಧಾರಾವಾಹಿ ನಾನೂ ನೋಡುತ್ತೇನೆ."

ಅವರು ಎಣ್ಣೆಯ ಬಟ್ಟಲನ್ನು ಪಕ್ಕಕ್ಕೆ ಸರಿಸಿದರು. ಆಮೇಲೆ, "ಚಿಕಿತ್ಸೆ ಅರ್ಧಕ್ಕೆ ಬುಡೋದು ಬ್ಯಾಡ ಅಂತ ಬತ್ತೀನಿ, ನಿನ್ನ ಮಕ ನೋಡ್ಕಂಡಲ್ಲ," ಎಂದರು. ನನಗೆ ಹೋದ ಜೀವ ಬಂತು.

ಬಂದ ಜೀವ ನಿಲ್ಲುವಷ್ಟರಲ್ಲಿ ಫೋನು ಬಡಿದುಕೊಂಡಿತು. ಗಡಿಬಿಡಿಯಲ್ಲಿ ಎಲ್ಲಿ ಒತ್ತಿದೆನೋ, ಏಜೆಂಟರ ದನಿ ಇಡೀ ಜಗಲಿಗೆ ಕೇಳಿಸಿತು.

"ಸಾರ್, ನಿಮ್ಮ ಯಂತ್ರದ ಪ್ರಯೋಗ ಆಯ್ತಾ? ಪರಿಣಾಮ ಏನಾದ್ರೂ ಆಯ್ತಾ?"

ಊದಿದ ಮಂಡಿ ನೋಡಿದೆ, ಕುಳ್ಳಯ್ಯನ ತೋಳು ನೋಡಿದೆ. "ಆಯ್ತು. ಬಲು ಜೋರಾಗೇ ಆಯ್ತು," ಎಂದೆ.

"ಗುಡ್! ಹಂಗಾದ್ರೆ ಬಳಸಿದವರು ಯಾರಾದ್ರೂ ಒಬ್ರು, ಇದರಿಂದ ಏನು ಪ್ರಯೋಜನ ಆಯ್ತು ಅಂತ ಹೇಳ್ಬೇಕು ಸಾರ್. ಯಾರಾದ್ರೂ ಇದ್ದಾರಾ?"

ನಾನು ಫೋನು ಮುಚ್ಚುವ ಮೊದಲೇ ಅತ್ತೆ ಕೈಚಾಚಿದರು. "ಕೊಡಪ್ಪ ಇಲ್ಲಿ. ನಾನ್ ಹೇಳ್ತೀನಿ."

ಫೋನನ್ನು ಬಾಯಿಯ ಹತ್ತಿರ ಹಿಡಿದು, ಗಂಟಲು ಸರಿಮಾಡಿಕೊಂಡು ಅತ್ತೆ ಸಾವಧಾನವಾಗಿ ಹೇಳಿದರು:

"ಬರ್ಕಳಿ ಸ್ವಾಮಿ. ನಮ್ಮ ಅಳಿಮಯ್ಯನ ತಲೆ ಮ್ಯಾಲೆ ಏನೂ ಇಲ್ಲ ಅಂತ ಮದ್ವೆ ದಿನದಿಂದ್ಲೂ ಊರ್ಗೆಲ್ಲ ಕಾಣ್ತಾನೇ ಇತ್ತು. ಒಳಗೂ ಏನೂ ಇಲ್ಲ ಅಂತ ಈ ಮಿಸೀನು ಬಂದ್ಮೇಲೇ ಗೊತ್ತಾಗಿದ್ದು!"