'ಸೋದರಮಾವ'ನಿಗೆ ಬಲ ನಾಲ್ಕೇ ಕೊಟ್ಟವರಿಗೆ

ಆಟದ ಕಂಪನಿಗೇ ಹೊಳೆಯದ್ದನ್ನು ಮನೆಯಲ್ಲಿ ಕೂತು ಮಾಡಿ ತೋರಿಸಿದ, 'ದವಡೆಹಲ್ಲು' ಎಂಬ ಗುಪ್ತನಾಮದ ಮಾನ್ಯರೇ,

ಡ್ರ್ಯಾಗನ್ ಒಂದನ್ನು ಬರಿಗೈಯಲ್ಲಿ ಕೊಂದು, ಕೈ ತೊಳೆದುಕೊಂಡು, ಅದೇ ದಿನ ಹತ್ತು ಗಂಟೆಗೆ ಸರಿಯಾಗಿ ತಕ್ಕಡಿ ರಿಪೇರಿಯ ಅಂಗಡಿ ತೆರೆದ ಭೂಮಂಡಲದ ಏಕೈಕ ವ್ಯಕ್ತಿಯಾದ ನಾನು ತಮ್ಮಲ್ಲಿ ಬಿನ್ನವಿಸಿಕೊಳ್ಳುವುದೇನೆಂದರೆ, ನಾನು ಹಳ್ಳಿ ಶಾಲೆಯಲ್ಲಿ ಏಳನೆಯ ತರಗತಿವರೆಗೆ ಮಾತ್ರ ಓದಿದವನು. ಅದಕ್ಕಿಂತ ಹೆಚ್ಚು ಕಲಿಸಲು ಮೇಷ್ಟರ ಬಳಿ ಏನೂ ಉಳಿದಿರಲಿಲ್ಲ.

ಇಪ್ಪತ್ತೈದು ವರ್ಷ ಹಳೆಯದಾದ ಆ ಕಂಪ್ಯೂಟರ್ ಆಟದಲ್ಲಿ ಯೋಧ, ಮಾಂತ್ರಿಕ, ಕಳ್ಳ, ವೈದ್ಯ ಎಂಬ ನಾಲ್ಕೇ ಬಗೆಯ ಪಾತ್ರಗಳಿದ್ದವು. ಅವರಲ್ಲಿ ಬೇಕಾದವರನ್ನು ಆರಿಸಿ, ಗುಂಪು ಕಟ್ಟಿ, ಡ್ರ್ಯಾಗನ್ ಬೇಟೆಗೆ ಹೊರಡಬೇಕು. ಹಲ್ಲಿನ ಸೆಟ್ಟು ತಯಾರಿಸುವ ಲ್ಯಾಬಿನಲ್ಲಿ ಕೆಲಸ ಮಾಡುವ ನನ್ನ ಅಕ್ಕನ ಮಗಳು ಪ್ರತಿ ಭಾನುವಾರ ಅದನ್ನು ಆಡುವಾಗ, ಪಕ್ಕದ ಸ್ಟೂಲಿನ ಮೇಲೆ ಕೂತು ಸಲಹೆ ಕೊಡುವ ಹುದ್ದೆ ನನ್ನದಾಗಿತ್ತು. ಎರಡು ತಿಂಗಳಿಂದ ಆ ಸ್ಟೂಲಿನ ಮೇಲೆ ಇಸ್ತ್ರಿ ಬಟ್ಟೆ ಕೂತಿದೆ. ಆ ವಿಷಯ ಇಲ್ಲಿ ಬೇಡ.

ಕಳೆದ ವಾರ ತಾವು ಅಭಿಮಾನದಿಂದ ಆ ಆಟಕ್ಕೆ ಹೊಸ ಪಾತ್ರವೊಂದನ್ನು ಸೇರಿಸಿ, ಯಾರು ಬೇಕಾದರೂ ಪುಕ್ಕಟೆ ಇಳಿಸಿಕೊಳ್ಳುವಂತೆ ಬಿಟ್ಟಿದ್ದೀರಿ. ಪಾತ್ರದ ಹೆಸರು 'ಸೋದರಮಾವ'. ಸ್ವೆಟರಿನ ಮೂರನೆಯ ಗುಂಡಿ ಮಾತ್ರ ಕೆಂಪು, ಕನ್ನಡಕದ ಕಾಲಿಗೆ ಸುತ್ತಿದ ಬಿಳಿ ದಾರ, ಥೇಟ್ ನನ್ನವೇ! ನನ್ನನ್ನು ಕಂಡೇ ಇರದ ತಮ್ಮ ಕಲ್ಪನಾಶಕ್ತಿಗೆ ತಲೆಬಾಗಿದ್ದೇನೆ. ಆದರೆ ಯೋಧನಿಗೆ ಬಲ ಹದಿನೆಂಟು, ನನ್ನ ಪಾತ್ರಕ್ಕೆ ನಾಲ್ಕು. ಈ ಸೋದರಮಾವ ತನ್ನ ಹಳೆಯ ಪರಾಕ್ರಮ ಹೇಳತೊಡಗಿದರೆ ಶತ್ರುಗಳು ನಿದ್ದೆ ಹೋಗುತ್ತಾರೆ, ಒಪ್ಪಿದೆ. ಗುಂಪಿನವರೂ ಗೊರಕೆ ಹೊಡೆಯುವುದೇಕೆ? ಯುದ್ಧ ಶುರುವಾದೊಡನೆ ಅವನು "ಒಂದ್ನಿಮಿಷ, ಈಗ್ ಬಂದೆ" ಎಂದು ಮಾಯವಾಗಿ, ಊಟದ ಹೊತ್ತಿಗೆ ಪ್ರತ್ಯಕ್ಷನಾಗುವುದೇಕೆ? ಆದ್ದರಿಂದ ಬಲವನ್ನು ನಲವತ್ತಕ್ಕೆ ಏರಿಸಿ, ನಾನು ಗುಹೆ ಹೊಕ್ಕಾಗ ಡ್ರ್ಯಾಗನ್ ಎದ್ದು ನಿಂತು ಕುರ್ಚಿ ಕೊಡುವಂತೆ ಏರ್ಪಾಡು ಮಾಡಬೇಕಾಗಿ ವಿನಂತಿ.

ಇದಕ್ಕಿಂತ ಘೋರವಾದದ್ದು, ಪ್ರತಿ ಊರಿನ ಹೋಟೆಲಿನಲ್ಲೂ ಅವನು "ಮೂರೇ ದಿನದಲ್ಲಿ ದುಪ್ಪಟ್ಟು" ಎನ್ನುವ ಅಪರಿಚಿತನ ಕೈಗೆ ಗುಂಪಿನ ಅರ್ಧ ಚಿನ್ನ ಸುರಿದು ಬರುತ್ತಾನೆಂದು ಬರೆದಿರುವುದು. ಇದು ಶುದ್ಧ ಮಾನಹಾನಿ. ಅಕ್ಕನ ಮಗಳು ಸ್ವಂತ ಲ್ಯಾಬ್ ತೆರೆಯಲೆಂದು ಕೂಡಿಟ್ಟು ನನ್ನ ಕೈಗೆ ಕೊಟ್ಟಿದ್ದ ಹಣದಲ್ಲಿ ಅಂಥವನೊಬ್ಬನಿಂದಾಗಿ ಹೋದದ್ದು ಬರೀ ಮೂರು ಸಾವಿರ. ಉಳಿದದ್ದು ಬ್ಯಾಂಕಿನಲ್ಲಿ ಸಿಕ್ಕಿಕೊಂಡಿದೆಯೆಂದು ಮನೆಮಂದಿಗೆಲ್ಲ ವಿವರವಾಗಿ ಹೇಳಿದ್ದೇನೆ.

ಈ ಅನ್ಯಾಯವನ್ನು ಊಟಕ್ಕೆ ಕೂತಾಗ ಮಂಡಿಸಿದರೆ ಅಕ್ಕ, "ಮುಖ ತೋರ್ಸಿದ್ದಕ್ಕೆ ಕನ್ನಡಿ ಮೇಲೇ ದೂರು ಬರೀತಿದ್ದೀಯಲ್ಲೋ" ಎಂದಳು. ಅವಳ ಮಗಳು ತಟ್ಟೆಯಿಂದ ತಲೆಯೆತ್ತದೆ, "ಅದು ಬರೀ ಆಟ ಮಾವ, ನೀನ್ಯಾಕೆ ಉರ್ಕೋತೀಯ?" ಎಂದಳು. ಎರಡು ತಿಂಗಳಲ್ಲಿ ಅವಳು ನನ್ನೊಡನೆ ಆಡಿದ ಮೊದಲ ಮಾತು ಅದು.

ಮರುದಿನ ಅವಳು ಲ್ಯಾಬಿಗೆ ಹೋದ ಮೇಲೆ, ಇಂಥ ಪಾತ್ರ ಯಾವ ಗುಂಪಿಗೂ ಬೇಡವೆಂದು ಅವನನ್ನು ಹೊರಹಾಕುವ ಗುಂಡಿಯನ್ನು ನಾನೇ ಹದಿನಾಲ್ಕು ಸಲ ಒತ್ತಿದೆ. ಹದಿನಾಲ್ಕು ಸಲವೂ ಒಂದೇ ಸಾಲು ಮೂಡಿತು: "ಇವನು ಮನೆಯವನು. ತೆಗೆಯಲು ಬರುವುದಿಲ್ಲ." ಆಟದ ತಜ್ಞರು ಯಾರಾದರೂ ಇದನ್ನು ದೋಷವೆಂದು ಹೇಳಿದರೆ ತಾವು ದಯವಿಟ್ಟು ಕಿವಿಗೆ ಹಾಕಿಕೊಳ್ಳಬಾರದು. ಬೇಕಾದರೆ ಬಲ ನಾಲ್ಕೇ ಇರಲಿ.

ಕುರ್ಚಿ ಬೇಡ, ಸ್ಟೂಲು ಸಾಕೆನ್ನುವ,
ತಮ್ಮ ವಿಶ್ವಾಸಿ,
ತಕ್ಕಡಿ ರಿಪೇರಿಯವ

ವಿ.ಸೂ.: ತಮ್ಮಂಥ ಜಾಣರೂ ಒಂದು ಕಡೆ ತೂಕ ತಪ್ಪಿದ್ದೀರಿ. ನಲವತ್ತು ವರ್ಷ ಊರವರ ತಕ್ಕಡಿಯ ಮುಳ್ಳು ನೇರ ಮಾಡಿದವನು ಇದನ್ನು ನೋಡಿ ಸುಮ್ಮನಿರಲಾರೆ. 'ಅರ್ಧ ಚಿನ್ನ' ಎಂಬುದನ್ನು ಹೊಡೆದುಹಾಕಿ. ಬ್ಯಾಂಕಿನಲ್ಲಿ ಏನೂ ಸಿಕ್ಕಿಕೊಂಡಿಲ್ಲ. ಪೂರ್ತಿ ಎಂದು ಬರೆದುಕೊಳ್ಳಿ: ಒಂದು ಲಕ್ಷದ ಎಂಬತ್ತಾರು ಸಾವಿರದ ನಾನೂರು.