ಧಣಿಗಳ ಇಮೇಲಿಗೆ ಜರಡಿ ಹಿಡಿದದ್ದು

ಕಂಪ್ಯೂಟರಿನ ಮುಂದೆ ಕೂರುವವರು ನಗು ಹುಡುಕಿಕೊಂಡು ಬೇರೆಲ್ಲೂ ಹೋಗಬೇಕಾಗಿಲ್ಲ. ಬೆಳಿಗ್ಗೆ ಸ್ವಿಚ್ ಒತ್ತಿದ ಕೂಡಲೇ ಅದೇ ಬಂದು ಎದುರಿಗೆ ಕೂರುತ್ತದೆ.

ನಾನು ಓದಿದ್ದು ಹತ್ತನೆಯವರೆಗೆ. ಆಮೇಲೆ ಮದುವೆ, ಮುಂಬಯಿಯ ಹೊರವಲಯದ ಠಾಕುರ್ಲಿ, ಒಬ್ಬಳು ಮಗಳು. ಅವಳನ್ನು ಶಾಲೆಗೆ ಬಿಟ್ಟು, ರೈಲು ಹತ್ತಿ, ಠಾಣೆಯಲ್ಲಿ ಇನ್ನೊಂದು ರೈಲಿಗೆ ಬದಲಾಯಿಸಿ ರಬಾಳೆಗೆ ಹೋಗುತ್ತೇನೆ. ಕಾರ್ಖಾನೆಗಳ ಕ್ಯಾಂಟೀನಿಗೆ ಊಟ ಕಳಿಸುವ ನಮ್ಮ ಕರಾವಳಿಯವರೊಬ್ಬರ ಆಫೀಸು ಅಲ್ಲಿದೆ. ಆಫೀಸು ಎಂದರೆ ಅಡುಗೆಮನೆಗೆ ಅಂಟಿಕೊಂಡ ಒಂದು ಕೋಣೆ. ಒಗ್ಗರಣೆ ಬಿದ್ದರೆ ಕಂಪ್ಯೂಟರೂ ಸೀನುತ್ತದೆ. ಯಜಮಾನರನ್ನು ನಾವೆಲ್ಲ ಧಣಿ ಎನ್ನುತ್ತೇವೆ. ಬಿಲ್ಲು ಮಾಡುವುದು, ಫೋನ್ ಎತ್ತುವುದು, ಧಣಿಗಳ ಇಮೇಲ್ ಕಾಯುವುದು ನನ್ನ ಕೆಲಸ.

ಬಾಗಿಲಿಗೆ ಬಂದವರು

ಧಣಿಗಳು ಹೋಟೆಲಿನಲ್ಲಿ ಬೆಳೆದವರು. ಬಂದವರನ್ನು ಮಾತಾಡಿಸದೆ ಕಳಿಸುವುದು ಅವರ ಜಾಯಮಾನದಲ್ಲಿಲ್ಲ. ಹಾಗಾಗಿ ಬಂದ ಇಮೇಲನ್ನೆಲ್ಲ ತೆರೆಯುತ್ತಾರೆ. ಹಾಸಿಗೆ ಮಾರುವವರದ್ದು, ಕೂದಲು ಬೆಳೆಸುವ ಎಣ್ಣೆಯವರದ್ದು, ಮನೆ ಕಟ್ಟದೇ ಮನೆ ಮಾರುವವರದ್ದು, ಎಲ್ಲವನ್ನೂ ಕನ್ನಡಕ ಏರಿಸಿ ಕೊನೆಯವರೆಗೆ ಓದುತ್ತಾರೆ. ಅಷ್ಟಕ್ಕೇ ಬಿಟ್ಟರೆ ಪುಣ್ಯ. ಉತ್ತರವನ್ನೂ ಬರೆಸುತ್ತಾರೆ.

ಒಂದು ದಿನ ಹಾಸಿಗೆಯವರಿಗೆ ಬರೆಸಿದ್ದು ಹೀಗೆ: ನಿಮ್ಮ ಹಾಸಿಗೆಯ ವಿಷಯ ಓದಿ ಸಂತೋಷವಾಯಿತು. ಸದ್ಯ ನಮ್ಮಲ್ಲಿ ಇದೆ. ಹಾಳಾದಾಗ ಖಂಡಿತ ತಿಳಿಸುತ್ತೇವೆ. ಮನೆಯವರೆಲ್ಲ ಕ್ಷೇಮವೆಂದು ನಂಬಿದ್ದೇನೆ.

ಅಲ್ಲಿ ಯಾವ ಮನುಷ್ಯನೂ ಇಲ್ಲ ಧಣಿ, ಮೆಷಿನ್ನೇ ಕಳಿಸುವುದು ಎಂದೆ. ಸ್ವಲ್ಪ ಯೋಚಿಸಿ ಹೇಳಿದರು, "ಹಾಗಾದರೆ ಮನೆಯವರದ್ದು ಬೇಡ. ಉಳಿದದ್ದು ಕಳಿಸು ಮಾರಾಯ್ತಿ."

ಜರಡಿ

ಹೀಗಿರುವಾಗ ನಮ್ಮ ಅತಿ ದೊಡ್ಡ ಗಿರಾಕಿಯ ಕರಾರು ಮುಗಿಯುವ ತಿಂಗಳು ಬಂತು. ಅದು ರಬಾಳೆಯದ್ದೇ ಒಂದು ಕಾರ್ಖಾನೆ. ನಮ್ಮ ಅರ್ಧ ಅಡುಗೆ ಹೋಗುವುದು ಅಲ್ಲಿಗೇ. ಮುಂದಿನ ವರ್ಷವೂ ಊಟ ಕೊಡುತ್ತೀರಾ ಎಂದು ಅವರು ಇಮೇಲಿನಲ್ಲಿ ಕೇಳುತ್ತಾರೆ, ಹೇಳಿದ ದಿನದೊಳಗೆ ಹೂಂ ಅನ್ನದಿದ್ದರೆ ಕೆಲಸ ಬೇರೆಯವರಿಗೆ. ಅರ್ಧ ಅಡುಗೆ ನಿಂತರೆ ಅರ್ಧ ಜನ ಮನೆಗೆ. ಆ ಅರ್ಧದಲ್ಲಿ ಮೊದಲು ಯಾರಿರುತ್ತಾರೆಂದು ನನಗೆ ಯಾರೂ ಬಿಡಿಸಿ ಹೇಳಬೇಕಾಗಿರಲಿಲ್ಲ. ಅನ್ನ ಬೇಯಿಸಲು ಇಮೇಲ್ ಬೇಕಾಗುವುದಿಲ್ಲ.

ಆ ಒಂದು ಇಮೇಲ್ ಹಾಸಿಗೆ, ಎಣ್ಣೆಗಳ ನಡುವೆ ಕಳೆದುಹೋಗಬಾರದಲ್ಲ. ನಮ್ಮ ಮೇಲಿನ ಮನೆಯಲ್ಲಿ ಬೆಂಗಳೂರಿನ ಐಟಿಯವರೊಬ್ಬರಿದ್ದಾರೆ. ಅವರನ್ನು ಕೇಳಿದೆ. ಅವರು ಫೋನಿನಲ್ಲೇ ಅಲ್ಲಿ ಒತ್ತಿ ಇಲ್ಲಿ ಒತ್ತಿ ಎನ್ನುತ್ತ ಒಂದು ಏರ್ಪಾಟು ಮಾಡಿಸಿದರು. ಇನ್ನು ಮುಂದೆ ಮುಖ್ಯವಾದವು ತಾವಾಗಿಯೇ ಮೇಲಕ್ಕೆ, ಸಾಧಾರಣದವು ಕೆಳಕ್ಕೆ, ಕಸವೆಲ್ಲ ಸ್ಪ್ಯಾಮ್ ಪೆಟ್ಟಿಗೆಗೆ. "ನೀವು ಏನೂ ಮಾಡ್ಬೇಡಿ ಮೇಡಂ. ನೀವು ಯಾವುದನ್ನ ತೆಗೆದು ಓದ್ತೀರಿ, ಯಾವುದನ್ನ ಮುಟ್ಟಲ್ಲ ಅಂತ ನೋಡ್ಕೊಂಡು ಅದೇ ಕಲ್ತ್ಕೊಳ್ಳುತ್ತೆ" ಎಂದರು.

ಆ ದಿನ ಮನೆಗೆ ಮರಳುವ ರೈಲಿನಲ್ಲಿ ಕಿಟಕಿಯ ಸೀಟು ಸಿಕ್ಕಿತ್ತು. ಮುಂಬ್ರಾ ದಾಟುವಾಗ ಖಾಡಿ ಎಂದು ಇಲ್ಲಿಯವರು ಕರೆಯುವ ಹಿನ್ನೀರು ಸಂಜೆಯ ಬಿಸಿಲಿಗೆ ತೂಕಡಿಸುತ್ತಿತ್ತು, ಅದನ್ನು ನೋಡಿ ನಾನೂ. ಅರೆನಿದ್ದೆಯಲ್ಲಿ ನನ್ನ ತಲೆಗೂ ಅಂಥದೊಂದು ಜರಡಿ ಹಾಕಿದ ಹಾಗೆ. ಅತ್ತೆಯ ಮಾತು ಬರುತ್ತಿದೆ, ಮೆಲ್ಲನೆ ತಿರುಗಿ ಆಮೇಲೆ ನೋಡುವ ಪೆಟ್ಟಿಗೆಗೆ ಹೋಗಿ ಕೂರುತ್ತಿದೆ. ಗಂಡ ನಾಳೆಯಿಂದ ಬೇಗ ಏಳುತ್ತೇನೆ ಎನ್ನುತ್ತಿದ್ದಾರೆ, ಅದು ಜಾಹೀರಾತಿಗೆ. ಒಳಗೆ ಎಷ್ಟೊಂದು ಜಾಗ, ಎಂಥ ಗಾಳಿ, ಖಾಡಿಯ ಮೇಲಿನ ಬಿಳಿ ಹಕ್ಕಿಯೊಂದು ಮಾತ್ರ ಬಂದು ಹೋಗುತ್ತಿದೆ. ಕಣ್ಣು ಬಿಟ್ಟರೆ ಠಾಕುರ್ಲಿ, ನನ್ನ ಕಾಲಿನ ಮೇಲೆ ಬೇರೆ ಯಾರದೋ ಕಾಲು.

ರಾತ್ರಿ ಊಟಕ್ಕೆ ಕೂತಾಗ ಇದನ್ನೆಲ್ಲ ಮಗಳಿಗೆ ಹೇಳಿದೆ. ನಾನು ಕನ್ನಡದಲ್ಲಿ ಹೇಳುವುದು, ಅವಳು ಹಿಂದಿಯಲ್ಲಿ ಕೇಳುವುದು ನಮ್ಮ ಮನೆಯ ಪದ್ಧತಿ. "ಮಮ್ಮಾ, ಮೈ ಕೌನ್‌ಸೇ ಡಬ್ಬೇ ಮೇ?" ಎಂದಳು. ನೀನು ಯಾವ ಪೆಟ್ಟಿಗೆಯಲ್ಲೂ ಇಲ್ಲ ಮಗಾ, ಜರಡಿ ಹರಿದದ್ದೇ ನಿನ್ನಿಂದ ಎಂದೆ.

ಮುಖ್ಯವಾದವರು

ಮರುದಿನ ಬೆಳಿಗ್ಗೆ ಧಣಿಗಳೂ ನಾನೂ ದೇವರಿಗೆ ಕೈಮುಗಿದು ಪೆಟ್ಟಿಗೆ ತೆರೆದೆವು. ಎಲ್ಲಕ್ಕಿಂತ ಮೇಲೆ, ಹಳದಿ ಗುರುತಿನ ಜೊತೆ, ಹಾಸಿಗೆಯವರು. ಅವರ ಕೆಳಗೆ ಕೂದಲಿನ ಎಣ್ಣೆ. ಆಮೇಲೆ ಕಟ್ಟದ ಮನೆ.

ಮೆಷಿನ್ನಿನ ತಪ್ಪೇನಿಲ್ಲ. ಇಷ್ಟು ವರ್ಷ ಧಣಿಗಳು ಯಾರ ಕ್ಷೇಮ ವಿಚಾರಿಸಿದ್ದರೋ ಅವರನ್ನೇ ಅದು ನೆಂಟರೆಂದು ತಿಳಿದಿತ್ತು. ಧಣಿಗಳು ಬೇಸರಪಟ್ಟುಕೊಂಡಾರೆಂದು ನಾನು ಮುಖ ನೋಡಿದರೆ ಅವರ ಕಣ್ಣು ಅರಳಿತ್ತು. "ಎಂಥ ಬುದ್ಧಿ ಇದಕ್ಕೆ. ಎಲ್ಲ ನಮ್ಮ ಪರಿಚಯದವರೇ."

ಊಟ ಬಿಡಿಸಿದ ಇಮೇಲ್

ಬೆಂಗಳೂರಿನವರಿಗೆ ಮತ್ತೆ ಫೋನ್ ಮಾಡಿದೆ. ಮೆಷಿನ್ನಿಗೆ ಒಂದು ಪದ ಹೇಳಿಕೊಡಿ, ಆ ಪದ ಇರುವುದನ್ನೆಲ್ಲ ಅದು ಮೇಲಕ್ಕೆ ತರುತ್ತದೆ ಎಂದರು. ನಮ್ಮ ವ್ಯಾಪಾರ ಊಟದ್ದು. ಇಂಗ್ಲಿಷಿನಲ್ಲಿ ಊಟ ಎಂದು ಬರೆದೆ.

ಮರುದಿನ ಮೇಲೆ ಬಂದು ಕೂತವಳು ತೂಕ ಇಳಿಸಿಕೊಡುವ ಒಬ್ಬಳು. ಊಟ ಬಿಡಿ, ಊಟ ಕಡಿಮೆ ಮಾಡಿ, ಸಂಜೆಯ ಊಟ ಬೇಡವೇ ಬೇಡ ಎಂದು ಸಾಲಿಗೊಂದು ಸಲ ಊಟದ ಹೆಸರೆತ್ತಿದ್ದಳು. ನಮ್ಮ ಗಿರಾಕಿಗಳು ಅಷ್ಟು ಭಕ್ತಿಯಿಂದ ಯಾವತ್ತೂ ಬರೆದದ್ದಿಲ್ಲ. ಧಣಿಗಳು ಪೂರ್ತಿ ಓದಿದರು, ಮನಸ್ಸಿಗೆ ತೆಗೆದುಕೊಂಡರು. ಆ ವಾರವೆಲ್ಲ ಸಂಜೆಗೆ ಬರಿ ಬಿಸಿನೀರು.

ಅಡುಗೆ ಭಟ್ಟರು ಒಗ್ಗರಣೆ ಬಿಟ್ಟು ನನ್ನ ಹತ್ತಿರ ಬಂದು ಮೆಲ್ಲಗೆ ಕೇಳಿದರು, "ಧಣಿ ನಮ್ಮ ಅಡುಗೆ ತಿನ್ನುವುದು ಬಿಟ್ಟದ್ದು ಗಿರಾಕಿಗಳಿಗೆ ಗೊತ್ತುಂಟಾ?"

ಕೊನೆಯ ದಿನ

ಕಾರ್ಖಾನೆಯ ಇಮೇಲ್ ಮಾತ್ರ ಬರಲೇ ಇಲ್ಲ. ನಾನು ಕನಸಿನಲ್ಲೂ ಪೆಟ್ಟಿಗೆ ತೆರೆದು ನೋಡುತ್ತಿದ್ದೆ, ಅದರೊಳಗಿಂದ ಬಿಳಿ ಹಾಸಿಗೆಗಳು ಮೋಡದ ಹಾಗೆ ಒಂದೊಂದಾಗಿ ತೇಲಿ ಹೋಗುತ್ತಿದ್ದವು.

ಒಂದು ಬೆಳಿಗ್ಗೆ ಅಲ್ಲಿಯ ಕ್ಯಾಂಟೀನ್ ಮ್ಯಾನೇಜರ್ ದಿನದಂತೆ ಫೋನ್ ಮಾಡಿದವರು ದನಿ ಇಳಿಸಿ ಕೇಳಿದರು, ನಮ್ಮನ್ನು ಬಿಟ್ಟೇಬಿಟ್ಟಿರಾ, ಉತ್ತರವೇ ಇಲ್ಲವಂತಲ್ಲ, ಇವತ್ತು ಕೊನೆಯ ದಿನ. ನಾನು ಸ್ಪ್ಯಾಮ್ ಪೆಟ್ಟಿಗೆ ತೆರೆದೆ. ಅಲ್ಲೇ ಇತ್ತು, ಊಟ ಎನ್ನುವ ಬದಲು ಕೇಟರಿಂಗ್ ಎಂದು ಬರೆದಿದ್ದರು. ಅದೊಂದೇ ಅಲ್ಲ, ಆ ಕಾರ್ಖಾನೆಯ ಹಳೆಯ ಇಮೇಲ್‌ಗಳೂ ತೆರೆಯದೆ ಬಿದ್ದಿದ್ದವು.

ಇದನ್ನೇಕೆ ಒಂದು ದಿನವೂ ತೆರೆಯಲಿಲ್ಲ ಧಣಿ ಎಂದರೆ, ಅವರಿಗೆ ನನ್ನ ಪ್ರಶ್ನೆಯೇ ವಿಚಿತ್ರವಾಗಿ ಕಂಡಿತು. "ದಿನಾ ಫೋನಿನಲ್ಲಿ ಮಾತಾಡುವ ಜನ. ಬಾಯಲ್ಲಿ ಹೇಳಿದ್ದನ್ನು ಮತ್ತೆ ಕಾಗದದಲ್ಲಿ ಓದಿದರೆ ಅವರ ಮಾತು ನಂಬಲಿಲ್ಲ ಅಂತ ಆಗುವುದಿಲ್ಲವಾ?"

ಜಗಳವಾಡಲು ಹೊತ್ತಿರಲಿಲ್ಲ. ರಿಕ್ಷಾ ಹಿಡಿದು ಇಬ್ಬರೂ ಕಾರ್ಖಾನೆಗೆ ಹೋದೆವು. ಖರೀದಿ ವಿಭಾಗದಲ್ಲಿ ಒಬ್ಬ ಮರಾಠಿ ಮೇಡಂ. ಕರಾರು ಅವರ ಕೈಯಲ್ಲಿ. ಧಣಿಗಳು ಎದುರು ನಿಂತು ನಮಗೆ ಒಪ್ಪಿಗೆ ಎಂದರು. ನೀವು ಒಪ್ಪಿದರೆ ಸಾಲದು, ಇಮೇಲಿನಲ್ಲೇ ಬರಬೇಕು, ನಿಯಮ ಎಂದರು ಮೇಡಂ. ಅವರ ಮೇಜಿನ ಮುಂದೆ ನಿಂತೇ ನನ್ನ ಫೋನಿನಿಂದ ಕಳಿಸಿದೆ. ಮೂವರೂ ಅವರ ಪರದೆ ನೋಡುತ್ತ ನಿಂತೆವು, ಬೆಕ್ಕಿಗೆ ಹಾಲಿಟ್ಟು ಕಾದ ಹಾಗೆ. ಬರಲಿಲ್ಲ. ಮತ್ತೆ ಕಳಿಸಿದೆ. ಬರಲಿಲ್ಲ.

ಮೇಡಂ ಏನೋ ಹೊಳೆದು ತಮ್ಮ ಸ್ಪ್ಯಾಮ್ ಪೆಟ್ಟಿಗೆ ತೆರೆದರು. ನಮ್ಮ ಎರಡು ಒಪ್ಪಿಗೆಗಳೂ ಅಲ್ಲಿದ್ದವು. ಕರಾರಿಗೆ ಆಸೆಪಟ್ಟು ಬರೆದ ಬೇರೆ ಊಟದವರೆಲ್ಲರೂ ಅಲ್ಲೇ ಸಾಲಾಗಿ ಮಲಗಿದ್ದರು. ಅವರ ಮೆಷಿನ್ ಊಟದ ಹೆಸರೆತ್ತಿದವರನ್ನೆಲ್ಲ ಕಸಕ್ಕೆ ಹಾಕಲು ಕಲಿತಿತ್ತು. ನಡೆದು ಬಂದವರು ಮಾತ್ರ ನಾವೇ.

ಅವರು ನಮ್ಮದನ್ನು ಕಸದಿಂದ ಎತ್ತಿದರು. ಆಗ ಪರದೆಯ ಮೇಲೆ ಒಂದು ಪ್ರಶ್ನೆ ಬಂತು: ಇದನ್ನು ಕಳಿಸಿದವರನ್ನು ನೀವು ನಂಬುತ್ತೀರಾ?

ಮೇಡಂ ಒತ್ತಲು ಹೋದ ಕೈಯನ್ನು ಹಾಗೇ ತಡೆದು ಧಣಿಗಳ ಕಡೆ ತಿರುಗಿದರು. ಅರ್ಧ ತಮಾಷೆಗೇ ಹಿಂದಿಯಲ್ಲಿ ಕೇಳಿದರು, "ಹೇಳಿ ಸೇಠ್, ನಂಬಲಾ?"

ಹೂಂ ಅನ್ನಿ ಧಣಿ, ಹೂಂ ಅನ್ನಿ ಎಂದು ನಾನು ಮನಸ್ಸಿನಲ್ಲೇ ಬೇಡುತ್ತಿದ್ದೆ. ಧಣಿಗಳು ಗೋಡೆಯ ಗಡಿಯಾರ ನೋಡಿದರು. ಊಟದ ಹೊತ್ತಾಗುತ್ತ ಬಂದಿತ್ತು. ಅವರ ಮುಖ ಬಾಡಿತು.

"ಮೇಡಂ, ಇವತ್ತು ಊಟ ಮಾಡಿ ತೀರ್ಮಾನಿಸಬೇಡಿ. ಸಾಂಬಾರಿಗೆ ಉಪ್ಪು ಜಾಸ್ತಿ ಬಿದ್ದಿದೆ."

ನಾನು ಅವರ ತೋಳು ಜಗ್ಗುವಷ್ಟರಲ್ಲಿ ಮಾತು ಹೊರಗೆ ಬಿದ್ದಾಗಿತ್ತು. ನನ್ನ ಕಣ್ಣೆದುರಿಗೆ ಠಾಕುರ್ಲಿಯ ಮನೆ, ಮಗಳ ಶಾಲೆ, ಎಲ್ಲ ಮೆಲ್ಲಗೆ ಸ್ಪ್ಯಾಮ್ ಪೆಟ್ಟಿಗೆಯ ಕಡೆ ಹೊರಟವು.

ಮೇಡಂ ಕುರ್ಚಿ ಅಲುಗುವಷ್ಟು ನಕ್ಕರು. ನನ್ನ ಸಾಮಾನು ಇವತ್ತು ಕೆಟ್ಟಿದೆ ಎನ್ನುವ ಜಾಹೀರಾತನ್ನು ನಾನಿನ್ನೂ ಕಂಡಿಲ್ಲ ಎಂದು ಹೇಳಿ, ನಂಬುತ್ತೇನೆ ಎನ್ನುವುದನ್ನು ಒತ್ತಿಯೇಬಿಟ್ಟರು. ಕರಾರು ನಮ್ಮದಾಯಿತು. ಧಣಿಗಳು ಕೈಮುಗಿದು, ನಾಳೆ ನಾನೇ ಎದುರು ನಿಂತು ನಿಮಗೆ ಬಡಿಸುತ್ತೇನೆ, ಉಪ್ಪು ಸರಿಯಿರುತ್ತದೆ ಎಂದರು.

ಛೇ ಛೇ, ನಿಮಗೇಕೆ ತೊಂದರೆ ಎನ್ನುತ್ತ ಮೇಡಂ ಮೇಜಿನ ಕೆಳಗಿಂದ ಚೀಲ ಎತ್ತಿಕೊಂಡರು. ಒಳಗಿಂದ ಮನೆಯ ಡಬ್ಬಿ ತೆಗೆದು ಮುಚ್ಚಳ ಬಿಚ್ಚಿದರು.

"ಕ್ಯಾಂಟೀನಿನದ್ದು ನಾನು ಯಾವತ್ತೂ ತಿಂದಿಲ್ಲ."