ಮೂಗು ಕೆಟ್ಟ ಗಾಡಿ

ಕೆಲಸಕ್ಕೆ ಬಾರದ ವಸ್ತು ಮಾರುವವರ ಮೇಲೆ ನನಗೆ ಸಿಟ್ಟಿಲ್ಲ, ಕೊಳ್ಳದಿದ್ದರೆ ಆಯಿತು. ಆದರೆ ನಾವು ಕೊಂಡ ಗಾಡಿಯೊಳಗೆ, ನಮಗೆ ಹೇಳದೆ ಕೇಳದೆ ಅಂಥದ್ದೊಂದನ್ನು ಕೂರಿಸಿ, ಅದು ಕೆಟ್ಟಾಗ ನಮ್ಮ ಕೈಲಿ ದುಡ್ಡು ಕಕ್ಕಿಸುವವರನ್ನು ಏನೆನ್ನಬೇಕು? ನನ್ನ ಹಳೇ ಪೆಟ್ರೋಲ್ ಪಿಕಪ್ಪಿನ ಹೊಗೆ ಕೊಳವೆಯಲ್ಲಿ ಹೆಬ್ಬೆರಳು ಗಾತ್ರದ ಒಂದು ಆಕ್ಸಿಜನ್ ಸೆನ್ಸರ್ ಇತ್ತು. ಅದರ ಉದ್ಯೋಗ ಹೊಗೆ ಮೂಸುವುದು. ಮೂಸಿ, ಪೆಟ್ರೋಲ್ ಜಾಸ್ತಿಯಾಯಿತು, ಕಡಿಮೆಯಾಯಿತು ಅಂತ ಇಂಜಿನ್ನಿಗೆ ಚಾಡಿ ಹೇಳುವುದು. ಮೂಸುವುದನ್ನೂ ಚಾಡಿ ಹೇಳುವುದನ್ನೂ ಸಂಬಳದ ಕೆಲಸ ಮಾಡಿಕೊಂಡವರನ್ನು ಕಚೇರಿಗಳಲ್ಲಿ ಕಂಡಿದ್ದೇನೆ; ಗಾಡಿಯಲ್ಲೂ ಒಬ್ಬನನ್ನು ಇಟ್ಟಿರುತ್ತಾರೆಂದು ಎಣಿಸಿರಲಿಲ್ಲ.

ನಾನು ಮೊಳಕಾಲ್ಮೂರಿನ ಮಗ್ಗದ ಮನೆಯಲ್ಲಿ ಹುಟ್ಟಿ, ಮಗ್ಗ ಬಿಟ್ಟು, ಚಳ್ಳಕೆರೆಯ ಎಣ್ಣೆ ಮಿಲ್ಲುಗಳಿಂದ ಶೇಂಗಾ ಹಿಂಡಿ ತಂದು ದನಕರು ಇದ್ದವರಿಗೆ ಮಾರಿ ಮೇಲೆ ಬಂದವನು. ಮೊದಲು ಸೈಕಲ್ಲು, ಆಮೇಲೆ ಪಿಕಪ್ಪು. ನಿಮಗೂ ಒಂದು ಬುದ್ಧಿ ಹೇಳುತ್ತೇನೆ: ಏನೇ ಕೊಳ್ಳುವಾಗಲೂ ಎರಡು ಸಲ ಅಂಗಡಿ ಮೆಟ್ಟಿಲಿಳಿದು ಹೊರಡಬೇಕು. ಮೊದಲ ಸಲ ಇಳಿದಾಗ ನಾಟಕ ಅಂತ ಅವರಿಗೆ ಗೊತ್ತಿರುತ್ತದೆ. ಎರಡನೇ ಸಲ ಇಳಿದಾಗ ಅನುಮಾನ ಶುರುವಾಗುತ್ತದೆ. ಚಳ್ಳಕೆರೆಯ ಮೆಕ್ಯಾನಿಕ್ ಬಾಷಾನ ಗ್ಯಾರೇಜಿಗೆ ಮೆಟ್ಟಿಲೇ ಇಲ್ಲ. ನನಗೆ ಅಲ್ಲೇ ಹಿನ್ನಡೆಯಾಯಿತು.

ಸ್ಟೇರಿಂಗಿನ ಹಿಂದೆ ಹತ್ತಿಕೊಂಡ ಹಳದಿ ದೀಪ ಆರದೇ ಇದ್ದುದರಿಂದ ಅವನಲ್ಲಿಗೆ ಹೋಗಿದ್ದೆ. ಸೆನ್ಸರ್ ಹೋಗಿದೆ, ಹೊಸದು ಬೆಂಗಳೂರಿಂದ ತರಿಸಬೇಕು ಅಂದ. ಬೆಲೆ ಕೇಳಿದ ಮೇಲೆ, ಅದು ಮೂಸುವುದರ ಜೊತೆಗೆ ಹಾಲನ್ನೂ ಕೊಡುತ್ತದೆಯೇ ಅಂತ ವಿಚಾರಿಸಿದೆ. ನಕ್ಕ, ಇಳಿಸಲಿಲ್ಲ. ಅದಿಲ್ಲದೆ ಗಾಡಿ ಓಡುವುದೇ ಇಲ್ಲವೇನೋ ಅಂತ ಗದರಿದೆ.

“ಓಡ್ತೈತೆ ಅಣ್ಣಾ. ಪೆಟ್ರೋಲ್ ಜಾಸ್ತಿ ಕುಡೀತೈತೆ, ಹೊಗೆ ಕಾರ್ತೈತೆ, ಅಷ್ಟೇ.”

ಓಡುತ್ತದೆ ಎಂಬ ಮಾತು ಅವನ ಬಾಯಿಂದ ಬಿದ್ದದ್ದೇ ತಡ, ಉಳಿದದ್ದು ನನ್ನ ಕಿವಿಗೆ ಹೋಗಲಿಲ್ಲ. ಓಡುವ ಗಾಡಿಗೆ ರಿಪೇರಿ ಯಾಕೆ? ಸೆನ್ಸರಿನ ವೈರು ಕಳಚಿಸಿ, ಬಿಡಿಗಾಸು ಬಿಚ್ಚದೆ, ಗೆದ್ದವನಂತೆ ಎದ್ದು ಬಂದೆ. ಹಳದಿ ದೀಪದ ಮೇಲೆ ಗೌರಸಮುದ್ರದ ಮಾರಮ್ಮನ ಪುಟ್ಟ ಪಟ ಅಂಟಿಸಿದೆ.

ಆ ವಾರವೇ ನನ್ನ ಬಾವಮೈದ ರಾಮಾಂಜನೇಯ ಮಗ್ಗದಿಂದ ಒಂದು ಧಾರೆ ಸೀರೆ ಇಳಿಸಿದ. ಚಳ್ಳಕೆರೆಯ ಮದುವೆ ಮನೆಯವರು ಹೇಳಿ ನೇಯಿಸಿದ್ದು. ಬಸ್ಸಲ್ಲಿ ತಾನೇ ಒಯ್ಯುತ್ತೇನೆ ಅಂದ. ಮನೆ ಗಾಡಿ ಇರುವಾಗ ಬಸ್ಸು ಯಾಕೆ, ಮಾತುಕತೆಯನ್ನೂ ನನಗೆ ಬಿಡು, ನೇಯುವವನಿಗೆ ಬಾಯಿರುವುದಿಲ್ಲ ಅಂತ ಬುದ್ಧಿ ಹೇಳಿದೆ. ಸೀರೆಯನ್ನು ಬಿಳಿ ಪಂಚೆಯಲ್ಲಿ ಸುತ್ತಿ, ಕೂಸನ್ನು ಎತ್ತಿಕೊಡುವ ಹಾಗೆ ಕೊಟ್ಟು, “ಜಾಗ್ರತ್ತ ಬಾವಾ. ಮಗ್ಗಕ್ಕೆ ಮುಂದಿನ ನೂಲು ಬರೋದು ಇದರಿಂದ್ಲೇ” ಅಂದ.

ತಳಕು ದಾಟುವಾಗ ಒಬ್ಬ ಲಾರಿಯವನು ಪಕ್ಕಕ್ಕೆ ಬಂದು, ಊರಿನ ಸೊಳ್ಳೆ ಓಡಿಸೋಕೆ ಹೊರಟೀರಾ ಯಜಮಾನ್ರೇ ಅಂತ ಕೇಳಿ ಹೋದ. ಕ್ಯಾಬಿನ್ನಿನ ಹಿಂದಿನ ಒಡೆದ ಗಾಜಿನಿಂದ ಹೊಗೆಯೆಲ್ಲ ಒಳಗೇ ಬರುತ್ತಿತ್ತಂತೆ. ಅಂತೆ ಅನ್ನುತ್ತೇನೆ, ಯಾಕೆಂದರೆ ಇಷ್ಟು ವರ್ಷ ಹಿಂಡಿಯ ನಡುವೆ ಬಾಳಿದ ನನ್ನ ಮೂಗಿಗೆ ಬೇರೆ ವಾಸನೆ ಹತ್ತುವುದಿಲ್ಲ.

ಮದುವೆ ಮನೆಯಲ್ಲಿ ಪಂಚೆ ಬಿಚ್ಚಿದೆ. ಸೆರಗು ಕಂಡು ಹೆಂಗಸರೆಲ್ಲ ಹತ್ತಿರ ಸರಿದರು. ಅಷ್ಟೇ ಬೇಗ ದೂರ ಸರಿದರು. ಮದುಮಗಳ ಅಜ್ಜಿ ಮಾತ್ರ ಸೆರಗನ್ನು ಮೂಗಿನ ತನಕ ಎತ್ತಿ, “ಏನಪ್ಪಾ, ಇದನ್ನ ಪೆಟ್ರೋಲ್ ಬಂಕಿನಾಗೆ ಕುಂತು ನೇಯ್ದಿರೇನು?” ಅಂದಳು. ಗಾಳಿಗೆ ಹಾಕಿದರೆ ಹೋಗುತ್ತದೆ, ರೇಷ್ಮೆ ನೋಡಿ, ಜರಿ ನೋಡಿ ಅಂತ ನನ್ನ ವಿದ್ಯೆಯನ್ನೆಲ್ಲ ಖರ್ಚು ಮಾಡಿದೆ.

“ಜರಿ ಚೆಂದ ಐತೆ ಕಣಪ್ಪಾ. ಆದ್ರೆ ಹುಡುಗಿ ಹೋಮದ ಬೆಂಕಿ ಮುಂದೆ ಕುಂದ್ರಬೇಕಲ್ಲ.”

ಎರಡು ಸಲ ಮೆಟ್ಟಿಲಿಳಿದೆ. ಎರಡು ಸಲವೂ ಯಾರೂ ಕರೆಯಲಿಲ್ಲ. ಮದುವೆ ಇನ್ನೂ ದೂರವಿದ್ದುದರಿಂದ, ಇನ್ನೊಂದು ನೇಯ್ದು ಕೊಡಲಿ, ಆದರೆ ಬಸ್ಸಲ್ಲಿ ತರಲಿ ಅಂತ ಅಜ್ಜಿ ಅಪ್ಪಣೆ ಕೊಟ್ಟಳು.

ಇನ್ನೊಂದು ನೇಯಲು ನೂಲು ಬೇಕು. ನೂಲಿಗೆ ಈ ಸೀರೆ ಮಾರಿರಬೇಕು. ಕೊಳ್ಳುವವನು ನಾನಲ್ಲದೆ ಇನ್ಯಾರು? ನಮ್ಮ ಮನೆಯಲ್ಲಿ ರಾಮಾಂಜನೇಯ ಪಂಚೆ ಮಡಿಸುತ್ತಾ ಕೂತಿದ್ದ. ಅವನ ಪರವಾಗಿ ವ್ಯಾಪಾರಕ್ಕೆ ನಿಂತವಳು ಅವನ ಅಕ್ಕ, ಅಂದರೆ ನನ್ನ ಹೆಂಡತಿ. ಒಂದೇ ಬೆಲೆ ಹೇಳಿ ಅಡುಗೆಮನೆಗೆ ನಡೆದಳು. ನನ್ನ ಮನೆಯ ಮೆಟ್ಟಿಲಿಳಿದು ನಾನು ಎಲ್ಲಿಗೆ ಹೋಗಲಿ? ಕೊಟ್ಟೆ. ಸೀರೆ ಹಿತ್ತಲ ನೆರಳಲ್ಲಿ ನೇತಾಡಿ ವಾಸನೆ ಕಳೆದುಕೊಂಡಿತು. ಅದನ್ನುಟ್ಟು ಕನ್ನಡಿಯ ಮುಂದೆ ನಿಂತವಳು ತಿರುಗಿಯೂ ನೋಡದೆ ಅಂದಳು: “ಆ ಸೆನ್ಸರ್ ಹಂಗೇ ಇರ್ಲಿ ಬಿಡ್ರಿ. ಮುಂದಿನ ಸಲ ನೀಲಿ ಬಣ್ಣದ್ದು ನೇಯೋಕೆ ತಮ್ಮಂಗೆ ಹೇಳೀನಿ.”

ಮರುದಿನ ಬೆಳಿಗ್ಗೆ ಬಾಷಾ ಗ್ಯಾರೇಜಿನ ಬಾಗಿಲು ತೆಗೆಯುವ ಮೊದಲೇ ನಾನು ಅಲ್ಲಿದ್ದೆ. ಹೊಸ ಸೆನ್ಸರ್ ತರಿಸಿಬಿಡು ಅಂದೆ. ಬೆಲೆಯ ಮಾತೆತ್ತಲಿಲ್ಲ. ಅವನು ಸ್ಪ್ಯಾನರ್ ಕೆಳಗಿಟ್ಟು, ನನ್ನ ಮುಖವನ್ನೇ ನೋಡಿ, ಮನೇಲಿ ಎಲ್ಲಾರೂ ಆರಾಮ ಅದಾರಾ ಅಣ್ಣಾ ಅಂತ ಮೆಲ್ಲಗೆ ವಿಚಾರಿಸಿದ.